ನಾನೇ ಆರಿಸಿದ ಸೈಲೆನ್ಸರ್

ಪ್ರತಿಯೊಬ್ಬರಿಗೂ ಯಾವುದಾದರೂ ಒಂದರ ಮೇಲೆ ಜಂಬ ಇದ್ದೇ ಇರುತ್ತದೆ. ಕೆಲವರಿಗೆ ಮೈಬಣ್ಣ, ಕೆಲವರಿಗೆ ಮಕ್ಕಳ ಓದು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬಣ್ಣವೂ ಹೇಳಿಕೊಳ್ಳುವಂಥದ್ದಲ್ಲ. ನನಗಿದ್ದ ಜಂಬ ಕಿವಿಯದು. ಸಿರುಗುಪ್ಪದಲ್ಲಿ ನಾನೂ ನಮ್ಮ ಯಜಮಾನರೂ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದೆವು. ಡೀಸೆಲ್ ಇಂಜಿನ್ನಿನ ಗಿರಣಿ. ಅದರ ಹೊಗೆ ಕೊಳವೆಯ ಬಾಯಿಗೆ ಯಜಮಾನರು ಒಂದು ತಗಡಿನ ಡಬ್ಬಿ ಸಿಕ್ಕಿಸಿದ್ದರು. ಗಿರಣಿ ಶುರುವಾದರೆ ‘ಕುಕ್ ಕುಕ್’ ಅಂತ ಗದ್ದೆಗಳಾಚೆಗೂ ಕೇಳಬೇಕು, ಕೇಳಿದ ಹೆಂಗಸರು ಜೋಳದ ಬುಟ್ಟಿ ತಲೆಗೇರಿಸಿ ಹೊರಡಬೇಕು. ಡಬ್ಬಿಗೆ ಎಲ್ಲಿ ತೂತು ಹೊಡೆದರೆ ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಹೇಳುತ್ತಿದ್ದವಳು ನಾನು. ಯಜಮಾನರು ನನ್ನ ಮಾತು ಕೇಳುತ್ತಿದ್ದದ್ದು ಅದೊಂದೇ ವಿಷಯದಲ್ಲಿ. ಹಾಗಾಗಿ ಜಂಬ ಸ್ವಲ್ಪ ಜಾಸ್ತಿಯೇ ಬೆಳೆದಿತ್ತು.

ಈಗ ಬಳ್ಳಾರಿಯ ಗಾಂಧಿನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ಕುಡತಿನಿಯಲ್ಲಿ ಕೆಲಸ ಮಾಡುವ ಮೊಮ್ಮಗ ಮಂಜುನಾಥ ಮೋಟಾರ್ ಸೈಕಲ್ ತಂದ. ನೋಡಲು ಕೋಣದಂತಿತ್ತು, ಸದ್ದು ಮಾತ್ರ ಬೆಕ್ಕು ಹಾಲು ಕುಡಿದ ಹಾಗೆ. ಸೈಲೆನ್ಸರ್ ಬದಲಿಸುತ್ತೇನೆಂದ. “ಅಜ್ಜಿ, ನೀನ ಬಂದು ಆರಿಸು. ನೀ ಆರಿಸಿದ್ರ ಅವ್ವ ಬ್ಯಾಡ ಅನ್ನಂಗಿಲ್ಲ” ಎಂದು ನನ್ನನ್ನೇ ಗ್ಯಾರೇಜಿಗೆ ಕರೆದೊಯ್ದ. ಮೆಕ್ಯಾನಿಕ್ ಖಾಜಾಸಾಬ ನನಗೊಂದು ಸ್ಟೂಲು ಹಾಕಿ, ಮೂರು ಸೈಲೆನ್ಸರ್‌ಗಳನ್ನು ಒಂದಾದ ಮೇಲೊಂದು ಜೋಡಿಸಿ ಕೇಳಿಸಿದ. ಮೊದಲನೆಯದು ಸಾಸಿವೆ ಸಿಡಿದಂತೆ. “ಇದು ಬರೇ ಸಿಡಿತೈತಿ, ಹೊಟ್ಟಿಯಾಗಿಂದ ಬರಂಗಿಲ್ಲ” ಎಂದೆ. ಎರಡನೆಯದು ನೆಗಡಿಯಾದ ಎಮ್ಮೆ. ಮೂರನೆಯದು ಶುರುವಾದದ್ದೇ ನಾನು ಸ್ಟೂಲಿನಿಂದ ಎದ್ದು ನಿಂತೆ. ದುಂಡಗೆ, ತುಂಬಿಕೊಂಡು, ಒಂದೊಂದು ಪೆಟ್ಟನ್ನೂ ಎಣಿಸಬಹುದಾದ ಸದ್ದು. ಥೇಟ್ ನಮ್ಮ ಗಿರಣಿ! “ಇದನ್ನ ಹಾಕಪ್ಪ. ನಾಕೂರಿಗೆ ಕೇಳತೈತಿ” ಎಂದೆ. “ಅಮ್ಮಾರ ಕಿವಿ ಅಂದ್ರ ಕಿವಿ ರೀ. ಇದಕ್ಕ ಪೊಲೀಸ್ರೂ ಏನೂ ಅನ್ನಂಗಿಲ್ಲ” ಎಂದ ಖಾಜಾಸಾಬ. ನಾಲ್ಕೂರಿಗೆ ಕೇಳುವ ಸದ್ದು ನಮ್ಮ ಮನೆಗೂ ಕೇಳುತ್ತದೆ ಎಂಬುದು ನನಗಾಗ ಹೊಳೆಯಲಿಲ್ಲ.

ಇಲ್ಲೊಂದು ಗುಟ್ಟು ಹೇಳಬೇಕು. ಸೋಮವಾರ ಮಂಜನಿಗೆ ರಜೆ. ಅವನ ಹಿಂದೆ ಕೂತು ಕುರುಗೋಡಿನ ಬಸವಣ್ಣನ ದರ್ಶನಕ್ಕೆ ಹೋಗುತ್ತೇನೆ. ದರ್ಶನ ಸುಳ್ಳಲ್ಲ. ಆದರೆ ಬರುವಾಗ ನಮ್ಮ ಓಣಿಯ ಮೂಲೆಯ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವುದೂ ಅಷ್ಟೇ ನಿಜ. ಡಾಕ್ಟರು ನನಗೆ ಕರಿದದ್ದು ಬಿಡಿಸಿ ಎರಡು ವರ್ಷವಾಯಿತು. ಡಾಕ್ಟರು ಅದನ್ನು ಮರೆತಿರಬಹುದು, ನನ್ನ ಸೊಸೆ ಶಾರದೆ ಮರೆತಿಲ್ಲ. ಕುರುಗೋಡಿನಲ್ಲೇ ತಿಂದು ಬರಬಹುದಿತ್ತಲ್ಲ ಎನ್ನಬೇಡಿ. ಅದು ಅವಳ ತವರು. ಅಲ್ಲಿ ನಾನು ಸೀನಿದರೂ ಇಲ್ಲಿ ಸುದ್ದಿ.

ಹೊಸ ಸೈಲೆನ್ಸರ್ ಹಾಕಿಸಿದ ಮೊದಲ ಸೋಮವಾರ ಬಾಯಿ ಒರೆಸಿಕೊಂಡು ಮನೆಗೆ ಬಂದರೆ ಶಾರದೆ ಬಾಗಿಲಲ್ಲೇ ನಿಂತಿದ್ದಳು. “ಅತ್ತಿ, ಗಾಡಿ ಮೂಲಿಗೆ ಬಂದು ಕಾಲು ತಾಸಾತು. ಅಲ್ಲೇನು ಮಾಡಾಕತ್ತಿದ್ರಿ?” “ಫೋನ್ ಬಂದಿತ್ತವ್ವ” ಎಂದ ಮಂಜ. ಮುಂದಿನ ವಾರ ಚೈನು ಕಳಚಿತ್ತು ಎಂದ. ಮೂರನೇ ವಾರ ಅವಳು ಏನೂ ಕೇಳಲಿಲ್ಲ. ಹೊಟ್ಟೆ ಉರಿಯ ಗುಳಿಗೆ, ಒಂದು ಲೋಟ ನೀರು ಹಿಡಿದು ನಿಂತಿದ್ದಳು. “ಬರೋ ಸೋಮವಾರ ಸದ್ದು ಕೇಳಿದ ಕೂಡಲೇ ನಾನೂ ಮೂಲಿಗೆ ಬರ್ತೀನಿ. ಕೂಡೇ ಮನಿಗೆ ಬರೋಣಂತ” ಎಂದಳು.

ಮಿರ್ಚಿಗೆ ಸಂಚಕಾರ ಬಂತು. “ಮೂಲಿ ಬರೋದ್ರಾಗ ಇಂಜಿನ್ ಬಂದ್ ಮಾಡಿ ತಳ್ಳೋ” ಎಂದೆ ಮಂಜನಿಗೆ. “ನಿನ್ನ ಕೂಡ್ಸಿಕೊಂಡು ತಳ್ಳಾಕ ನಾನೇನು ಎತ್ತಾ?” ಎಂದ. ಸರಿ, ಹಳೆಯ ಸೈಲೆನ್ಸರ್ ಹಾಕಿಸೋಣ ಎಂದರೆ ಶಾರದೆ ಬೆಲ್ಲದಂಥ ದನಿಯಲ್ಲಿ, “ಯಾಕ್ರಿ ಅತ್ತಿ? ನೀವ ಆರಿಸಿದ್ದು. ಎಂಥಾ ಸದ್ದು! ಇರ್ಲಿ ಬಿಡ್ರಿ” ಎಂದಳು. ಅವಳನ್ನು ಒಪ್ಪಿಸಬೇಕಾದರೆ ನಾನು ಆರಿಸಿದ್ದೇ ತಪ್ಪು ಎನ್ನಬೇಕು. ಮೂವತ್ತು ವರ್ಷದ ಕಿವಿ ಒಂದು ಕಡೆ, ಮಿರ್ಚಿ ಒಂದು ಕಡೆ. ಎರಡು ದಿನ ತೂಗಿದೆ. ಎರಡು ದಿನವೂ ತಕ್ಕಡಿ ಮಿರ್ಚಿಯ ಕಡೆಗೇ ಇಳಿಯಿತು.

ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿಬಿಟ್ಟೆ: “ನನ್ನ ಕಿವಿ ಹೋಗ್ಯಾವವ್ವ ಶಾರದಾ. ಗ್ಯಾರೇಜಿನ್ಯಾಗ ಸರಿಯಾಗಿ ಕೇಳಸ್ಲಿಲ್ಲ, ಅದಕ್ಕ ಇಂಥಾ ಗದ್ದಲದ್ದು ಆರಿಸಿದೆ. ಓಣ್ಯಾಗ ಕೂಸುಗಳು ಮಲಗ್ತಾವ. ತೆಗೆಸಿಬಿಡ್ರಿ.” ಹಳೆಯದನ್ನೇ ಹಾಕಿಸಲು ಶಾರದೆ ಒಪ್ಪಿದಳು. ಮಂಜನ ಮುಖ ಬಾಡಿತು. ಬಂಡಿಯಲ್ಲಿ ಅವನಿಗೆ ಇನ್ನೊಂದು ಪ್ಲೇಟು ಒಪ್ಪಿಕೊಂಡೆ, ಅರಳಿತು.

ಆ ಸೋಮವಾರ ಬೆಕ್ಕಿನ ಹಾಗೆ ಮೂಲೆಗೆ ಬಂದು, ತಿಂದು, ಬೆಕ್ಕಿನ ಹಾಗೆಯೇ ಮನೆ ಸೇರಿದೆವು. ಶಾರದೆ ಒಳಗೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಿಯೂ ನೋಡಲಿಲ್ಲ. ಎದೆಯ ಮೇಲಿಂದ ಗಿರಣಿ ಕಲ್ಲು ಇಳಿಸಿದಂತಾಯಿತು. ಮೂರು ವಾರದ ಮೇಲೆ ಅಂದು ಮಿರ್ಚಿ ಹೊಟ್ಟೆಯಲ್ಲಿ ಉರಿಯಲಿಲ್ಲ.

ಒಂದೇ ತೊಂದರೆ. ಕಿವಿ ಹೋದವಳ ಮುಂದೆ ಜನ ಏನು ಬೇಕಾದರೂ ಮಾತಾಡುತ್ತಾರೆ. ಮೊನ್ನೆ ಶಾರದೆ ನನ್ನ ಪಕ್ಕದಲ್ಲೇ ಕೂತು ತನ್ನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ನಮ್ಮತ್ತೀವು ಕಿವಿ ಪೂರಾ ಹೋಗ್ಯಾವ. ಬಾಯಿ ಒಂದು ಹೋಗಿಲ್ಲ ನೋಡು.” ಉತ್ತರ ನಾಲಿಗೆಯ ತುದಿಗೆ ಬಂತು. ಸೋಮವಾರಕ್ಕೆ ಇನ್ನು ಎರಡೇ ದಿನವಿತ್ತು.

“ಏನಂದ್ಯವ್ವಾ?” ಎಂದು ಕಿವಿಗೆ ಕೈ ಇಟ್ಟೆ.