ಮೇಷ್ಟ್ರಾಟಕ್ಕೆ ಆ ಹೆಸರು ಬಂದದ್ದು

ಬೇರೆಯವರಿಗೆ ಗ್ರಹಚಾರ ಆಗೊಮ್ಮೆ ಈಗೊಮ್ಮೆ ಬರುತ್ತದೆ, ನನ್ನ ಹತ್ತಿರ ಖಾಯಂ ಬಿಡಾರ ಹೂಡಿದೆ. ಯುದ್ಧದ ಆ ವರ್ಷಗಳಲ್ಲಿ ಕೊಪ್ಪದಲ್ಲಿ ಮೇಷ್ಟ್ರಾಗಿದ್ದೆ. ಕೈಯಡಿಗೆ ಉಂಡು ಉಂಡು ಸಾಕಾಗಿ ಹೋಗಿತ್ತು. ನನಗೆ ಬೇಕಿದ್ದದ್ದು ಒಂದು ಮದುವೆ. ಆದದ್ದು ಮಾತ್ರ ಬೇರೆ.

೧. ಯಾತ್ರೆಯ ಫಲ

ಶೃಂಗೇರಿಗೆ ಹೋಗುವ ಬಸ್ಸು ಶಾಲೆಯ ಎದುರು ನಿಲ್ಲುತ್ತಿತ್ತು. ಮಠದ ಊರಲ್ಲಿ ಹೊಗೆ ಬಿಡುವುದು ಹೇಗೆ ಎಂದು ಹೆದರಿ, ಗಂಡಸರೆಲ್ಲ ಇಲ್ಲೇ ಇಳಿದು ಇದ್ದಬದ್ದ ಬೀಡಿ, ಸಿಗರೇಟು ಸೇದಿ, ಪೊಟ್ಟಣ ಎಸೆದು, ಬಾಯಿ ಮುಕ್ಕಳಿಸಿ, ಭಕ್ತರಾಗಿ ಬಸ್ಸು ಹತ್ತುತ್ತಿದ್ದರು. ಅತ್ತ ಬಸ್ಸು ಹೊರಟರೆ ಇತ್ತ ನನ್ನ ತರಗತಿಯೂ ಹೊರಡುತ್ತಿತ್ತು. ಆನೆ, ಹುಲಿ, ಗಿಳಿ ಚಿತ್ರದ ಪೊಟ್ಟಣ ಆರಿಸಿ ತಂದು, ನೆಲದಲ್ಲಿ ಸುತ್ತು ಬರೆದು ನಡುವೆ ಇಡುವುದು. ಚಪ್ಪಟೆ ಕಲ್ಲಿಂದ ಹೊಡೆದು ಹೊರಗೆ ಹಾರಿಸಿದರೆ ಹಾರಿಸಿದವನಿಗೇ ಸ್ವಂತ.

ಒಂದು ದಿನ ಪಾಠದ ನಡುವೆ ಕೇಳಿದೆ, "ತೀರ್ಥಯಾತ್ರೆಯಿಂದ ಸಿಗುವ ಫಲವೇನು?"

ಯಾವತ್ತೂ ಬಾಯಿ ಬಿಡದ ಹಿಂದಿನ ಸಾಲಿನವ ಎದ್ದು ನಿಂತ. "ಖಾಲಿ ಪೊಟ್ಟಣ, ಸಾರ್."

೨. ನಾಮಕರಣ

ಬಯ್ದು ಬಯ್ದು ಸೋತು, ಆಟದ ನಡುವೆ ನುಗ್ಗಿ ಸುತ್ತಿನಲ್ಲಿದ್ದದ್ದನ್ನೆಲ್ಲ ಬಾಚಿ ಕೋಟಿನ ಜೇಬಿಗೆ ತುಂಬತೊಡಗಿದೆ. ಮಕ್ಕಳು ಅಳಲಿಲ್ಲ, ಅದನ್ನೇ ನಿಯಮ ಮಾಡಿಕೊಂಡರು. ಒಂದೇ ಏಟಿಗೆ ಸುತ್ತು ಬರಿದು ಮಾಡಿದವ "ಮೇಷ್ಟ್ರು!" ಎಂದು ಕೂಗಿ, ಉಳಿದವರ ಕೈಯಲ್ಲಿದ್ದದ್ದನ್ನೂ ಬಾಚಿಕೊಳ್ಳಬಹುದು. ಹೆಸರಿಲ್ಲದ ಆಟ ಮೇಷ್ಟ್ರಾಟವಾಯಿತು.

ರಜೆಯಲ್ಲಾದರೂ ನೆಮ್ಮದಿ ಸಿಗಲಿ ಎಂದು ನರಸಿಂಹರಾಜಪುರದ ಕಡೆ, ಮುತ್ತಿನಕೊಪ್ಪದ ನೆಂಟರ ಮನೆಗೆ ಹೋದೆ. ಅಲ್ಲೂ ರಸ್ತೆಯಲ್ಲಿ "ಮೇಷ್ಟ್ರು!" ಎಂಬ ಕೂಗು. ನನ್ನ ಗುರುತಿಲ್ಲದ ಹುಡುಗನೊಬ್ಬನನ್ನು ಕೇಳಿದೆ, "ಯಾರಪ್ಪ ಆ ಮೇಷ್ಟ್ರು?"

"ಅದು ಬರೀ ಕಥೆ ಮಾರಾಯ್ರೇ. ಅಷ್ಟು ಆಸೆಬುರುಕರು ನಿಜವಾಗ್ಲೂ ಎಲ್ಲಾದ್ರೂ ಇರ್ತಾರಾ?"

೩. ದುರಭ್ಯಾಸ

ಕೊನೆಗೊಂದು ಸಂಬಂಧ ಕೂಡಿಬಂತು, ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ. ಹುಡುಗಿ ನನಗೆ ಬಹಳ ಒಪ್ಪಿಗೆಯಾಗಿದ್ದಳು. ಇದೂ ತಪ್ಪಿದರೆ ಗಂಜಿಯೇ ಗತಿ. ಆಕೆಯ ತಂದೆ, "ದುರಭ್ಯಾಸ ಎಂತದೂ ಇಲ್ಲ ಅಲ್ದ?" ಎಂದರು. ಇಲ್ಲವೆಂದು ಹೇಳಿ, ಬೆವರು ಒರೆಸಲು ಕೋಟಿನ ಜೇಬಿಂದ ಕರವಸ್ತ್ರ ಎಳೆದೆ. ಅದರ ಜೊತೆ ಕೊಪ್ಪದ ಮಕ್ಕಳ ಆಸ್ತಿಯೆಲ್ಲ ಚಾಪೆಯ ಮೇಲೆ ಸುರಿಯಿತು.

ತಂದೆ ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡಿದರು. "ವಾಸನೆ ಇಲ್ಲ. ಹಾಗಾದ್ರೆ ಇದೆಲ್ಲ ಎಂತಕ್ಕೆ?"

"ಆಟದ್ದು," ಎಂದೆ.

ಅವರ ಮುಖ ಇನ್ನೂ ಇಳಿಯಿತು. ನನ್ನನ್ನು ಕರೆತಂದಿದ್ದ ಮದುವೆ ದಲ್ಲಾಳಿಯ ಕಡೆ ತಿರುಗಿದರು. "ಬೀಡಿ ಸೇದೋರನ್ನ ತಿದ್ದಬೌದು ಮಾರಾಯ. ಈ ವಯಸ್ಸಲ್ಲಿ ಖಾಲಿ ಪೊಟ್ಟಣ ಆಡೋರಿಗೆ ಮಗಳನ್ನ ಕೊಡೋದು ಹ್ಯಾಗೆ?"

"ಸೇದ್ತೇನೆ!" ಎಂದೆ. "ನಾಚಿಕೆಗೆ ಆಟ ಅಂದದ್ದು."

ಅವರಿಗೆ ಜೀವ ಬಂತು. ಒಳಗಿಂದ ಬೀಡಿ ತರಿಸಿದರು. ಜೀವಮಾನದಲ್ಲಿ ಮೊದಲ ಬಾರಿ ಎಳೆದೆ, ಕಣ್ಣಲ್ಲಿ ಧಾರಾಕಾರ ನೀರು. "ಪಶ್ಚಾತ್ತಾಪ," ಎಂದ ದಲ್ಲಾಳಿ.

ಮದುವೆಯಾದ ದಿನವೇ ಹೆಂಡತಿ ಬೀಡಿ ಬಿಡುವಂತೆ ದೇವರ ಮುಂದೆ ಆಣೆ ಹಾಕಿಸಿದಳು. ಆಮೇಲೆ ಮುಟ್ಟಿಲ್ಲ. ಮನೆಗೆ ಬಂದವರಿಗೆಲ್ಲ, "ಇವರನ್ನ ಮನುಷ್ಯ ಮಾಡ್ಲಿಕ್ಕೆ ನಾನು ಪಟ್ಟ ಪಾಡು!" ಎನ್ನುತ್ತಾಳೆ. ಈಗೀಗ ಊರ ಹೆಂಗಸರು ಬೀಡಿ ಸೇದುವ ಗಂಡಂದಿರನ್ನು ನನ್ನೆದುರು ತಂದು ಕೂರಿಸುತ್ತಾರೆ.

"ನೀವೇ ಹೇಳಿ ಮೇಷ್ಟ್ರೇ, ಇದನ್ನ ಬಿಡೋದು ಹ್ಯಾಗೆ? ಅನುಭವ ಇದ್ದೋರು ಹೇಳಿದ್ರೆ ಕೇಳ್ತಾರೆ."