ಉಕ್ಕುಗಣ್ಣನ ಎಂಟು ನಿಮಿಷ

ಕೆಟ್ಟವರ ಪರ ವಕಾಲತ್ತು ಮಾಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನ್ನ ಹೆಂಡತಿ ಸುಶೀಲಾ ಹೇಳುತ್ತಾಳೆ. ಇದ್ದೀತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ನಿವೃತ್ತನಾಗಿ, ವಿಜಯಪುರದ ಜಲನಗರದಲ್ಲಿ ಗಿಡಗಳಿಗೆ ನೀರು ಹಾಕಿಕೊಂಡು ತೆಪ್ಪಗಿದ್ದ ನಾನು ಈಗ ಒಬ್ಬ ದುಷ್ಟನ ಸಲುವಾಗಿ ಬಂಧುಬಳಗದ ಸಂಗಡ ಜಗಳಕ್ಕೆ ನಿಂತಿದ್ದೇನೆ. ಅವನು ಜಗತ್ತನ್ನು ಹನ್ನೊಂದು ಸಲ ಸುಟ್ಟುಹಾಕಲು ನೋಡಿದವನು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಲ್ಲಿಗೆ ಹೋಗುವವನನ್ನು ಕೂಡ ‘ಏನಾದರೂ ಹೇಳುವುದಿದೆಯೇ’ ಎಂದು ಒಂದು ಮಾತು ಕೇಳುತ್ತಾರಂತೆ. ಇವನಿಗೆ ಅಷ್ಟೂ ಇಲ್ಲ.

ಇದೆಲ್ಲ ಶುರುವಾದದ್ದು ರೇಶ್ಮಾಳಿಂದ. ನನ್ನ ಹಳೆಯ ವಿದ್ಯಾರ್ಥಿನಿ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ. ಮನೆಯಲ್ಲೇ ಕೂತು ಯಾವುದೋ ವಿಡಿಯೋ ಗೇಮ್ ಕಂಪನಿಗೆ ಕೆಲಸ ಮಾಡುತ್ತಾಳೆ. ಒಂದು ದಿನ ಬಂದು, “ಸರ್, ಒಂದು ಗೇಮ್ ಕನ್ನಡಕ್ಕ ಬರಾಕತ್ತೈತ್ರಿ. ಅದರಾಗಿನ ಖಳನಾಯಕನ ಮಾತೆಲ್ಲಾ ನೀವ ಬರದು ಕೊಡಬೇಕ್ರಿ” ಅಂದಳು. ನಾನು ಒಲ್ಲೆ ಅನ್ನಬೇಕೆನ್ನುವಷ್ಟರಲ್ಲಿ ಒಳಗಿನಿಂದ ಸುಶೀಲಾ, “ಕೊಡವಾ, ಕೊಡು. ಇವರು ಮಾತಾಡಾಕ ಮಂದಿ ಸಿಗಲಾರದಕ್ಕ ಗ್ವಾಡಿ ಕೂಡ ಮಾತಾಡಾಕತ್ತಾರ” ಅಂದಳು. ಹೀಗೆ ನಾನು ದುಷ್ಟನ ಬಾಯಿಯಾದೆ.

ಅವನ ಹೆಸರು ಉಕ್ಕುಗಣ್ಣ. ಮೊದಲು ಅವನು ಗೇಮಿನವನಲ್ಲ, ಹೊರದೇಶದ ಚಿತ್ರಕಥೆ ಪುಸ್ತಕದವನು. ಹುಟ್ಟಾ ದುಷ್ಟನೂ ಅಲ್ಲ. ಸಮುದ್ರದ ದಂಡೆಯ ಒಂದು ಪಟ್ಟಣದಲ್ಲಿ ಕನ್ನಡಕದ ಗಾಜು ಉಜ್ಜುವ ಬಡವ. ಊರಿನ ಮುದುಕರೆಲ್ಲ ಅವನ ಕೈಯ ಕನ್ನಡಕ ಹಾಕಿಕೊಂಡೇ ಪತ್ರ ಓದುವವರು, ಸೂಜಿಗೆ ದಾರ ಪೋಣಿಸುವವರು. ಒಂದು ದಿನ ಗಾಜು ಕಾಯಿಸುವ ಕುಲುಮೆ ಸಿಡಿದು ಅವನ ಎರಡೂ ಕಣ್ಣು ಹೋದವು. ಊರಿಗೆಲ್ಲ ಕಣ್ಣು ಕೊಟ್ಟವನ ಕಣ್ಣು ಹೋದಾಗ ನೋಡಲು ಒಬ್ಬನಾದರೂ ಬರಬೇಕೋ ಬೇಡವೋ? ಬರಲಿಲ್ಲ. ಒಬ್ಬ ಬಂದ, ಅವನೂ ತಾನು ರಿಪೇರಿಗೆ ಕೊಟ್ಟ ಕನ್ನಡಕ ಒಯ್ಯಲು ಬಂದದ್ದು. ಆ ಸಿಟ್ಟಿಗೆ ಉಕ್ಕುಗಣ್ಣ ತಡಕಾಡುತ್ತಲೇ ಉಕ್ಕಿನ ಕಣ್ಣು ತಟ್ಟಿಕೊಂಡ. ಅವುಗಳಿಂದ ಬೆಂಕಿ ಹೊರಟಿತು. ನೀವೇ ಹೇಳಿ, ನಿಮಗಾದರೂ ಹೊರಡುತ್ತಿರಲಿಲ್ಲವೇ?

ಪುಸ್ತಕದವರು ಅವನನ್ನು ಒಂದೇ ಸಂಚಿಕೆಗೆಂದು ತಂದು ಕೊನೆಯ ಪುಟದಲ್ಲಿ ಸಮುದ್ರಕ್ಕೆ ನೂಕಿದ್ದರಂತೆ. ಓದುಗರು ಪತ್ರ ಬರೆದು ಬರೆದು ಮೇಲೆತ್ತಿಸಿದರು. ಅಲ್ಲಿಂದ ಗೇಮಿಗೆ ಬಂದ. ಮೊದಲನೆಯ ಗೇಮಿನಲ್ಲಿ ಅವನ ಕೆಲಸವೆಂದರೆ ಕಾರ್ಖಾನೆಯ ಚಿಮಣಿಯ ಮೇಲೆ ನಿಂತು ಗಾಜಿನ ಚೂರು ಎಸೆಯುವುದು. ಅಷ್ಟೇ. ಎರಡನೆಯದರಲ್ಲಿ ರೈಲಿನ ನೆತ್ತಿಯ ಮೇಲೆ ನಿಂತು ‘ಹಹ್ಹಹ್ಹಾ’ ಎಂದು ನಗುತ್ತಾನೆ, ಮೂರು ಸಲ ಸಾಯುತ್ತಾನೆ. ಅಂಥ ಬದುಕು ಕಂಡವನಿಗೆ ಬರೀ ಒಂದು ನಗು! ಈಗ ಕನ್ನಡಕ್ಕೆ ಬರುವ ಮೂರನೆಯದರಲ್ಲಿ ಮಾತ್ರ ಯಾರೋ ಪುಣ್ಯಾತ್ಮರು ಕಾಳಗಕ್ಕೆ ಮೊದಲು ಅವನು ತನ್ನ ಹಿನ್ನೆಲೆ ಹೇಳಿಕೊಳ್ಳಲಿ ಎಂದು ಎಂಟು ನಿಮಿಷ ಬಿಟ್ಟಿದ್ದರು. ಆ ಎಂಟು ನಿಮಿಷಕ್ಕೆ ನಾನು ಮೂರು ತಿಂಗಳು ಕುಳಿತೆ.

ನಾನು ಬರೆದದ್ದು ದೊಡ್ಡಾಟದ ಧಾಟಿಯಲ್ಲಿ. ತಿಕೋಟಾದ ನನ್ನ ಸೋದರಮಾವ ಹೆಸರುವಾಸಿ ರಾಕ್ಷಸವೇಷದವನಾಗಿದ್ದ. ದೊಡ್ಡಾಟದಲ್ಲಿ ರಾಕ್ಷಸ ಬಂದನೆಂದರೆ ಯಾರೂ ಸುಮ್ಮನೆ ಮೈಮೇಲೆ ಬೀಳುವುದಿಲ್ಲ. ಮೊದಲು ಪರದೆ ಹಿಡಿಯುತ್ತಾರೆ, ಅವನು ಅದರ ಹಿಂದೆ ಕುಣಿದು ದಣಿಯುತ್ತಾನೆ, ಆಮೇಲೆ ಸಾರಥಿ ಕೈಮುಗಿದು, ತಾವು ಯಾರು, ಯಾವ ಊರು, ಯಾರ ಮಗ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಕ್ಷಸ ತನ್ನ ಕುಲ, ತಪಸ್ಸು, ವರ, ಆದ ಅವಮಾನ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ದೇವರೇ ಆಗಲಿ, ಬಿಲ್ಲು ಹಿಡಿದುಕೊಂಡು ಪಕ್ಕದಲ್ಲಿ ಬೀಡಿ ಸೇದುತ್ತ ಕಾಯಬೇಕು. ನಮ್ಮ ಕಡೆಯ ರೀತಿಯೆಂದರೆ ಅದು. ಕೊಲ್ಲುವುದಿದ್ದರೆ ಕೊಲ್ಲು, ಆದರೆ ವಿಚಾರಿಸಿ ಕೊಲ್ಲು.

ಗೇಮು ಹೊರಬಂದ ಹದಿನೈದು ದಿನಕ್ಕೆ ರೇಶ್ಮಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಯಾರು ಎಲ್ಲಿ ಬೆರಳೊತ್ತಿದರು ಎಂಬುದೆಲ್ಲ ಕಂಪನಿಯವರಿಗೆ ಕಾಣುತ್ತದಂತೆ. “ಕನ್ನಡದಾಗ ಒಬ್ರೂ ಅದನ್ನ ಪೂರಾ ನೋಡಿಲ್ರಿ ಸರ್. ಈ ತಿಂಗಳ ಹಿಂಗ ಹೋತಂದ್ರ ಹಿನ್ನೆಲಿ ತಗದ್ ಬಿಡ್ತಾರಂತ್ರಿ. ಬರೇ ನಗೂದು ಇಡ್ತಾರಂತ.”

“ನಾ ನೋಡೇನಲ್ಲವಾ!” ಅಂದೆ.

“ನೀವು ಇಪ್ಪತ್ತೆರಡು ಸಲ ನೋಡೀರಿ. ನಿಮ್ಮದು ಹಿಡಿಯಂಗಿಲ್ರಿ.”

ಜನ ಹೇಗೆ ತಪ್ಪಿಸಿಕೊಂಡರು ಎಂದರೆ, ಪರದೆಯ ಬಲ ಮೂಲೆಯಲ್ಲಿ ಒಂದು ಗುಂಡಿ ಇದೆ. ಅದರ ಮೇಲೆ ‘ಬಿಟ್ಟು ಮುಂದೆ’ ಎಂದು ಬರೆದಿದೆ. ಒತ್ತಿದರೆ ಸಾಕು, ಉಕ್ಕುಗಣ್ಣ ‘ನಾನು ಹುಟ್ಟಿದ್ದು…’ ಎನ್ನುವಷ್ಟರಲ್ಲಿ ಅವನ ಮೂತಿಗೆ ಗುದ್ದು ಬೀಳುತ್ತದೆ. ಹುಟ್ಟಲಿಕ್ಕೂ ಬಿಡುವುದಿಲ್ಲ! ಎಂಥ ಕಾಲ ಬಂತು! ಇಷ್ಟಕ್ಕೂ ‘ಬಿಟ್ಟು ಮುಂದೆ’ ಎಂಬ ಆ ಎರಡು ಚಂದದ ಪದಗಳನ್ನು ಹುಡುಕಿ ಕೊಟ್ಟವನೂ ನಾನೇ. ಆಗ ರೇಶ್ಮಾ ಬಹಳ ಮೆಚ್ಚಿದ್ದಳು.

ಒಬ್ಬರಾದರೂ ಪೂರಾ ನೋಡಲಿ ಎಂದು ಮನೆಯಿಂದಲೇ ಶುರುಮಾಡಿದೆ. ಸುಶೀಲಾಳ ಫೋನಿನಲ್ಲಿ ಗೇಮು ಹಾಕಿಕೊಟ್ಟೆ. ಅವಳು ಮೆಂತ್ಯ ಸೋಸುತ್ತ ಅರ್ಧ ನಿಮಿಷ ನೋಡಿ ಗುಂಡಿ ಒತ್ತಿದಳು. “ಯಾಕ?” ಎಂದು ಕೂಗಾಡಿದೆ. “ಮೂರು ತಿಂಗಳ ಊಟಕ್ಕ ಕುಂತಾಗೆಲ್ಲಾ ಇದನ್ನ ಹೇಳೀರಲ್ರೀ. ನಿಮಗ ಒಂದು ಗುಂಡಿ ಇರಲಿಲ್ಲ, ಕೇಳಿದೆ. ಇದಕ್ಕೈತಿ” ಅಂದಳು. ನಮ್ಮದು ಮೂವತ್ತೆಂಟು ವರ್ಷದ ಸಂಸಾರ; ನಾನು ಎದ್ದು ಗಿಡಗಳಿಗೆ ನೀರು ಹಾಕಲು ಹೋದೆ.

ಮರುದಿನ ತಿಕೋಟಾಕ್ಕೆ ಹೋದೆ. ರಾಕ್ಷಸವೇಷದ ಸೋದರಮಾವನ ಮಗ ಬಸು ಅಲ್ಲಿದ್ದಾನೆ; ರಕ್ತದಲ್ಲೇ ದೊಡ್ಡಾಟ ಇರುವವನು, ಅವನಿಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು? ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಬಲೆಯ ಮೇಲೆ ದ್ರಾಕ್ಷಿ ಹರವುತ್ತಿದ್ದ. ಅವನ ಫೋನಿಗೂ ಗೇಮು ಹಾಕಿ ಎದುರು ಹಿಡಿದೆ. ಅವನು ಅಂಟು ಹೆಬ್ಬೆರಳಿನಿಂದ ಸೀದಾ ಮೂಲೆಗೇ ಒತ್ತಿದ. “ಲೇ ಬಸ್ಯಾ, ನಿಮ್ಮಪ್ಪ ಪರದೆ ಹಿಂದ ನಿಂತಾಗ ಊರ ಮಂದಿ ಹಿಂಗ ಮಾಡಿದ್ರ ಹೆಂಗಿರ್ತಿತ್ತೋ?” ಎಂದು ಬೈದೆ.

“ಮಾಮಾ, ಹೊಡ್ಯಾಕ ಅಂತನ ತಂದಾರ ಅವನ್ನ. ಹೊಡಿಯೂದು ಖರೆ ಇದ್ರ ಊರು ಕೇರಿ ಯಾಕ ಕೇಳ್ಬೇಕು? ಕೇಳಿದ್ರ ಕೈ ಏಳಂಗಿಲ್ಲ” ಅಂದ. ಅಂದು ಒಂದು ಬೊಗಸೆ ಒಣದ್ರಾಕ್ಷಿ ಕೊಟ್ಟ. ದ್ರಾಕ್ಷಿ ಬಹಳ ಸಿಹಿಯಾಗಿತ್ತು. ಸಿಟ್ಟಿನಲ್ಲೇ ಎಲ್ಲ ತಿಂದೆ.

ಕೊನೆಗೆ ಬಬಲೇಶ್ವರದ ಗೌರವ್ವ. ನನ್ನ ಹೆಂಡತಿಯ ಚಿಗವ್ವ, ಎಂದರೆ ಚಿಕ್ಕಮ್ಮ, ಎಂಬತ್ತರ ಮುದುಕಿ. ನಾನು ಹೋದಾಗ ಸೊಸೆ ಸಂತೆಗೆ ಹೋಗಿದ್ದಳು, ಸೊಸೆಯ ಫೋನು ಮನೆಯಲ್ಲಿತ್ತು. ಅದಕ್ಕೂ ಗೇಮು ಹಾಕಿದೆ. ಗೌರವ್ವ ಕನ್ನಡಕದ ಮುರಿದ ಕಾಲಿಗೆ ಕಟ್ಟಿದ ದಾರವನ್ನು ಕಿವಿಗೆ ಸುತ್ತಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದಳು. ಉಕ್ಕುಗಣ್ಣ ಶುರುಮಾಡಿದ. ಒಂದು ನಿಮಿಷವಾಯಿತು, ಎರಡಾಯಿತು. ಗುಂಡಿಯ ಕಡೆ ಅವಳ ಬೆರಳು ಹೋಗಲಿಲ್ಲ. ಅವನ ಕಣ್ಣು ಹೋದಾಗ “ಅಯ್ಯ ಶಿವನ” ಅಂದಳು. ಕನ್ನಡಕ ಕೇಳಿಕೊಂಡು ಬಂದವನನ್ನು ಕಂಡು, “ಇವನ ಮುಖಕ್ಕ ಬೂದಿ ಹಾಕ” ಎಂದು ಶಪಿಸಿದಳು. ನಾನು ಮೂರು ತಿಂಗಳು ಯಾರಿಗಾಗಿ ಬರೆದೆನೋ ಅವಳು ನನ್ನೆದುರು ಕೂತಿದ್ದಳು.

ಎಂಟು ನಿಮಿಷ ಮುಗಿದು ಕಾಳಗ ಬಂತು. “ಈಗ ಇಲ್ಲಿ ಒತ್ತಿ ಅವನ್ನ ಹೊಡೀಬೇಕ್ರಿ ಅತ್ತೀ” ಅಂದೆ.

“ಇಂವನ್ನ? ನಾ ಒಲ್ಲೆ.”

“ಹೊಡೀಲಿಲ್ಲಂದ್ರ ಅಂವ ನಿಮ್ಮನ್ನ ಹೊಡೀತಾನ್ರಿ.”

“ಹೊಡೀಲಿ ಬಿಡು ಯಪ್ಪಾ. ಅಷ್ಟು ಸಿಟ್ಟು ಇರಾಕ ಬೇಕು ಅವಂಗ.” ಗೇಮಿನಲ್ಲಿ ಅವಳ ಪರವಾಗಿ ಹೊಡೆದಾಡಬೇಕಾದ ನಾಯಕ ಮೂರು ಏಟಿಗೆ ಮಲಗಿದ. ಗೌರವ್ವ ಸಮಾಧಾನದಿಂದ ಫೋನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಗೋಡೆಗೆ ಒರಗಿದಳು. “ಮಾಸ್ತರ, ನನ್ನೂ ಒಮ್ಮೆ ಹಿಂಗ ಯಾರೂ ನೋಡಾಕ ಬರಲಿಲ್ಲ ನೋಡು. ಆಗ ನಾ ಹನ್ನೆರಡ ವರ್ಸದಾಕಿ…”

ಗಡಿಯಾರ ನೋಡಿದೆ. ನಾಲ್ಕೂವರೆಯ ಬಸ್ಸಿಗೆ ಹತ್ತೇ ನಿಮಿಷ. “ಅತ್ತೀ, ಬಸ್ಸು ಹೋಗ್ತೈತ್ರಿ, ಇನ್ನೊಮ್ಮೆ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿದೆ. “ಹೌದಪಾ, ಹೋಗಿ ಬಾ” ಅಂದಳು, ಇಂಥದ್ದು ರೂಢಿಯಾದವಳಂತೆ.

ಬಸ್ಸು ಸಿಕ್ಕಿತು. ಕೂತು ಐದು ನಿಮಿಷವಾಗಿರಲಿಲ್ಲ, ರೇಶ್ಮಾಳ ಫೋನು. “ಸರ್, ಬಬಲೇಶ್ವರದಾಗ ಒಬ್ರು ಪೂರಾ ನೋಡ್ಯಾರ್ರಿ! ಒಂದು ಸೆಕೆಂಡ್ ಸೈತ ಬಿಟ್ಟಿಲ್ಲ. ಕಂಪನಿಯವರಿಗೆ ಖುಷಿ ಆಗೇತ್ರಿ, ಹಿನ್ನೆಲಿ ಉಳೀತೈತಿ. ಯಾರ್ರಿ ಸರ್ ಅವರು, ನಿಮ್ಮ ಪೈಕಿಯವರ ಏನ್ರಿ? ಅವರ ಬಗ್ಗೆ ಒಂದ್ ನಾಕು ಮಾತು ಬರದು ಕೊಡ್ರಿ, ಅವರು ಕೇಳಾಕತ್ತಾರ.”

“ಗೌರವ್ವ ಅಂತ. ನನ್ನ ಹೆಂಡತಿ ಚಿಗವ್ವ” ಎಂದೆ. ಮುಂದೆ ಹೇಳಲು ಬಾಯಿ ತೆರೆದೆ. ಉಕ್ಕುಗಣ್ಣನ ಅಂಗಡಿ ಯಾವ ಬೀದಿಯಲ್ಲಿತ್ತು, ಅವನ ಕುಲುಮೆಗೆ ಇದ್ದಿಲು ಯಾರು ಹಾಕುತ್ತಿದ್ದರು ಎಂಬುದೆಲ್ಲ ನನಗೆ ಕಂಠಪಾಠ. ಗೌರವ್ವನ ವಿಷಯದಲ್ಲಿ ಮೂವತ್ತೆಂಟು ವರ್ಷಗಳಿಂದ ನನಗೆ ಗೊತ್ತಿರುವುದು ಅವಳ ಶೇಂಗಾ ಹೋಳಿಗೆ ಚೆನ್ನಾಗಿರುತ್ತದೆ ಎಂಬುದೊಂದೇ. ಹನ್ನೆರಡನೆಯ ವರ್ಷದಲ್ಲಿ ಅವಳಿಗೆ ಏನಾಯಿತು?

“ನಾಳೆ ಹೇಳ್ತೀನವಾ” ಎಂದು ಫೋನು ಇಟ್ಟೆ. ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ನಿಂತಿತ್ತು. ಡ್ರೈವರು ಚಹಾಕ್ಕೆ ಹೋಗಿದ್ದಾನೆ, ಅರ್ಧ ತಾಸು ಆದೀತು ಎಂದು ಕಂಡಕ್ಟರು ಹೇಳಿದ. ಗೌರವ್ವನ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಇಳಿದು ಹೋಗಿ ಕೇಳಬಹುದಿತ್ತು. ಆದರೆ ನೋಡಿ, ಕಿಟಕಿ ಬದಿಯ ಸೀಟು ಸಿಕ್ಕಿತ್ತು.