ಮುಂದಿನ ಸೀಟಿನ ಅತ್ತೆ

ನಮ್ಮ ಕಡೆ ಯಾರಾದರೂ ಎದುರಾಗಿ "ಏನು ಸುದ್ದಿ?" ಎಂದರೆ "ಸುದ್ದಿಯಿಲ್ಲ, ಎಲ್ಲ ಕ್ಷೇಮ" ಎನ್ನಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಇಷ್ಟು ಹೇಳಿ, ಖರ್ಜೂರ ತಿಂದು, ಕಾಫಿ ಕುಡಿದು, ಆಮೇಲೆ ಬೆಂಕಿಯ ವಿಷಯಕ್ಕೆ ಬರಬೇಕು. ಮರಳುಗಾಡಿನಂಚಿನ ಆದಮ್ ಊರಿನ ಖಲ್ಫಾನನಿಗೆ ನಲವತ್ತು ವರ್ಷವಾದರೂ ಈ ಪದ್ಧತಿ ಮೈಗೂಡಿರಲಿಲ್ಲ. ಶುಕ್ರವಾರ ಸಂಜೆ ಮಸೀದಿಯ ಬಾಗಿಲಲ್ಲಿ ನೆರೆಮನೆಯ ಹುಮೈದ್ ಸುದ್ದಿ ಕೇಳಿದಾಗ, ಚಪ್ಪಲಿ ಹುಡುಕುತ್ತಲೇ, "ನಾಳೆ ಶಮ್ಸಾನ ಕರ್ಕೊಂಡು ಹೈಮಾ ಕಡೆ ಬಯಲಿಗೆ ಓರಿಕ್ಸ್ ಜಿಂಕೆ ನೋಡೋಕೆ ಹೊರಟಿದೀನಿ. ನಾವಿಬ್ಬರೇ" ಎಂದುಬಿಟ್ಟ.

ಹೇಳುವಾಗ ಎದೆ ಉಬ್ಬಿತ್ತು. ಹೋಗೋಣ ಎಂದವಳು ಸ್ವತಃ ಅವನ ಹೆಂಡತಿ, ಊರ ಶಾಲೆಯ ಟೀಚರ್ ಶಮ್ಸಾ. ಮದುವೆಯಾಗಿ ಏಳು ವರ್ಷ. ತಾಯಿ, ತಮ್ಮಂದಿರು, ಅವರ ಸಂಸಾರ, ವಿಧವೆ ಸೋದರತ್ತೆ ಮೌಝಾ ಎಲ್ಲ ಸೇರಿ ಮನೆಯಲ್ಲಿ ಹದಿನಾಲ್ಕು ಜನ. ಕೆಲವು ತಿಂಗಳಿಂದ ಗಂಡಹೆಂಡಿರ ನಡುವೆ ಅನ್ನ ಬೇಕಾ, ಸಾಕಾ ಎಂಬಷ್ಟೇ ಮಾತು. ಅಂಥವಳು "ಒಂದು ದಿನ ನಾವಿಬ್ಬರೇ ಎಲ್ಲಾದರೂ ದೂರ ಹೋಗೋಣ. ಈ ಮನೇಲಿ ಮಾತಾಡೋಕಾಗಲ್ಲ" ಎಂದಾಗ, ಕೈಜಾರುತ್ತಿದ್ದ ಹೆಂಡತಿ ಮರಳಿ ಸಿಕ್ಕಳೆಂದು ಖಲ್ಫಾನ್ ಹೊಸ ನಿಲುವಂಗಿ ಇಸ್ತ್ರಿ ಮಾಡಿಸಿದ್ದ.

ಶನಿವಾರ ಬೆಳಗ್ಗೆ ನೋಡಿದರೆ ಕಾರಿನ ಮುಂದಿನ ಸೀಟಿನಲ್ಲಿ ಮೌಝಾ ಅತ್ತೆ ಕೂತಿದ್ದಳು.

"ಮಂಡಿ ನೋವು ಕಣೋ, ಹಿಂದೆ ಕೂರೋಕಾಗಲ್ಲ."

"ನೀವೆಲ್ಲಿಗೆ ಅತ್ತೆ?"

"ನೀವೆಲ್ಲಿಗೋ ಅಲ್ಲಿಗೆ. ಬಿಸಿ ಮರಳಲ್ಲಿ ಕಾಲು ಹೂತರೆ ಮಂಡಿಗೆ ಒಳ್ಳೇದಂತೆ."

ಮರಳು ಊರ ಹಿಂದೆಯೇ ಬೇಕಾದಷ್ಟಿದೆ ಎನ್ನುವಷ್ಟರಲ್ಲಿ ಹಿಂಬಾಗಿಲು ತೆರೆದು ಹುಮೈದ್ ಹತ್ತಿದ, ಜೊತೆಗೊಂದು ಮೇಕೆ. ಅದನ್ನು ಹೈಮಾದ ಭಾವನಿಗೆ ತಲುಪಿಸಬೇಕಂತೆ. ಶಮ್ಸಾ ತುಟಿ ಬಿಗಿಹಿಡಿದು ಇನ್ನೊಂದು ಬದಿಯಲ್ಲಿ ಕೂತಳು. ಮರ್ಯಾದೆಗೆಂದು ಮೇಕೆ ಇಬ್ಬರ ನಡುವೆ ನಿಂತಿತು.

ಬಯಲು ಶುರುವಾಯಿತು. ಖಲ್ಫಾನ್ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ಮುಗುಳ್ನಕ್ಕ. ಕನ್ನಡಿಯಲ್ಲಿ ಮೇಕೆ ಮೆಲುಕು ಹಾಕುತ್ತಿತ್ತು.

"ಖಲ್ಫಾನ್, ನಿನ್ನ ಹತ್ರ ಒಂದು ಮಾತು..." ಎಂದಳು ಶಮ್ಸಾ.

ಅತ್ತೆಗೆ ತಟ್ಟನೆ ಕೆಮ್ಮು ಬಂತು, ನೀರು ಬೇಕಾಯಿತು. ಇನ್ನೊಮ್ಮೆ ಬಾಯಿ ತೆರೆದಾಗ ಹುಮೈದ್ "ಅಲ್ನೋಡಿ ಜಿಂಕೆ" ಎಂದು ಕಲ್ಲುಗುಂಡು ತೋರಿಸಿದ. ನಿಜವಾದ ಜಿಂಕೆಗಳು ಕಂಡಾಗ ಮೇಕೆ ಅರಚಿದ್ದಕ್ಕೆ ಅವು ಓಡಿಹೋದವು. ಇಂಥ ಜನರನ್ನು ದೇವರು ಯಾಕಾದರೂ ಹುಟ್ಟಿಸುತ್ತಾನೋ ಎಂದು ಖಲ್ಫಾನ್ ಹಲ್ಲು ಕಡಿದ.

ಮಧ್ಯಾಹ್ನ ಹೆದ್ದಾರಿಯಿಂದಾಚೆ ಒಂಟೆ ಸಾಕುವ ಹಮ್ದಾನನ ಗುಡಾರ ಸಿಕ್ಕಿತು. ಹಮ್ದಾನ್ ಕಾಫಿ ಹೂಜಿ ಹಿಡಿದು ಸುದ್ದಿ ಕೇಳಿದ. ಹುಮೈದ್ ಸುದ್ದಿಯಿಲ್ಲ ಎಂದು ಶುರುಮಾಡಿ ಆದಮ್‌ನ ಬಾವಿಗಳ ನೀರಿನ ಸುದ್ದಿಯವರೆಗೆ ಬಂದ. ಹೆಂಗಸರು ಅತ್ತೆಯನ್ನು ಒಳಗೆ ಎಳೆದುಕೊಂಡರು. ಇದೇ ಸಮಯವೆಂದು ಖಲ್ಫಾನ್ "ಟೈರ್ ನೋಡಿ ಬರ್ತೀವಿ" ಎಂದು ಶಮ್ಸಾಳಿಗೆ ಕಣ್ಸನ್ನೆ ಮಾಡಿ ಕಾರು ಹಾರಿಸಿದ. ಕನ್ನಡಿಯಲ್ಲಿ ಮಂಡಿ ನೋವಿನ ಅತ್ತೆ ಎರಡೂ ಕೈ ಬೀಸುತ್ತ ಮರಳಲ್ಲಿ ಓಡಿ ಬರುತ್ತಿದ್ದಳು. ಏಳು ವರ್ಷದಲ್ಲಿ ಅವನು ಅಷ್ಟು ನಕ್ಕಿರಲಿಲ್ಲ.

ಒಂದು ಘಾಫ್ ಮರದ ನೆರಳಲ್ಲಿ ಕಾರು ನಿಲ್ಲಿಸಿದ. ಎದುರಿಗೆ ಮೂರು ಬಿಳಿ ಓರಿಕ್ಸ್, ಉದ್ದ ಕೊಂಬು ಎತ್ತಿ ಇವರನ್ನೇ ನೋಡುತ್ತಿದ್ದವು.

"ಈಗ ಹೇಳು" ಎಂದ.

ಶಮ್ಸಾ ಚೀಲದಿಂದ ಒಂದು ಕಾಗದ ತೆಗೆದಳು. "ನನ್ನ ತವರೂರು ಸೂರ್‌ನ ಶಾಲೆಗೆ ವರ್ಗ ಮಾಡಿಸ್ಕೊಂಡಿದೀನಿ. ನಾಳೆ ಅಣ್ಣ ಬರ್ತಾನೆ. ನಾನು ತಿರುಗಿ ಬರಲ್ಲ ಖಲ್ಫಾನ್. ಹದಿನಾಲ್ಕು ಜನರ ಮುಂದೆ ಹೇಳಿ ನಿನ್ನ ಮಾನ ತೆಗೀಬಾರದು ಅಂತ ಇಲ್ಲಿಗೆ ಕರೆದೆ."

ಖಲ್ಫಾನ್ ಗುಡಾರದ ದಿಕ್ಕಿಗೆ ಕೈ ತೋರಿಸಿದ. "ಇವತ್ತು ನಾನು ಅವರನ್ನೆಲ್ಲ ಬಿಟ್ಟು ಬಂದೆನಲ್ಲ."

"ಹೂಂ. ಮೊದಲನೇ ವರ್ಷ ಒಂದೇ ಒಂದು ಸಲ ಹೀಗೆ ಮಾಡಿದ್ದಿದ್ರೆ..." ಎಂದು ಅವಳು ಅತ್ತಳು. ಅವನೂ ಅತ್ತ. ಓರಿಕ್ಸ್‌ಗಳು ಮೇಯಲು ಹೋದವು.

ಹಿಂದಿರುಗಿದಾಗ ಶಮ್ಸಾ ಸೀದಾ ಹೆಂಗಸರ ಕಡೆ ಹೋದಳು. ಅತ್ತೆ ಅವನ ಮುಖ ನೋಡಿ, ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಹೇಳಿಬಿಟ್ಟಳಾ?"

"ನಿಮಗೆ ಗೊತ್ತಿತ್ತಾ?"

"ಅವಳ ಅಣ್ಣ ಮೊನ್ನೆಯೇ ಫೋನ್ ಮಾಡಿದ್ದ. 'ಅವಳ ಮನಸ್ಸು ಪೂರ್ತಿ ಗಟ್ಟಿಯಾಗಿಲ್ಲ. ನಾನು ಕರ್ಕೊಂಡು ಹೋಗೋಕೆ ಬರೋದ್ರೊಳಗೆ ಅವನಿಗೆ ಹೇಳೋಕೆ ಆಗದಿದ್ರೆ ಉಳ್ಕೋತಾಳೆ' ಅಂದ. ನೀವಿಬ್ಬರೇ ಹೊರಟಿದೀರಿ ಅಂತ ನಿನ್ನೆ ರಾತ್ರಿ ಹುಮೈದ್ ಬಂದು ಹೇಳಿದ. ಅದಕ್ಕೇ ನಾನೂ ಅವನೂ ಹೊರಟಿದ್ದು. ಇಲ್ಲದಿದ್ರೆ ಈ ಮಂಡಿ ಹೊತ್ಕೊಂಡು, ಆ ದರಿದ್ರ ಮೇಕೆ ವಾಸನೆ ಕುಡ್ಕೊಂಡು ಮುನ್ನೂರು ಕಿಲೋಮೀಟರ್ ಬರೋಕೆ ನನಗೇನು ಹುಚ್ಚಾ? ಒಂದು ದಿನ ಸುಮ್ನಿರೋಕಾಗ್ಲಿಲ್ವಲ್ಲೋ ನಿನಗೆ."

ಖಲ್ಫಾನ್ ಮರಳಿನ ಮೇಲೆ ಕುಸಿದು ಕೂತ. ಹಮ್ದಾನ್ ಕಾಫಿ ಹೂಜಿಯೊಂದಿಗೆ ಬಂದು, ಪದ್ಧತಿಯಂತೆ ಬಟ್ಟಲು ಮುಂದೊಡ್ಡಿ ಕೇಳಿದ:

"ಏನು ಸುದ್ದಿ ಖಲ್ಫಾನ್?"

"ಸುದ್ದಿಯಿಲ್ಲ" ಎಂದ ಖಲ್ಫಾನ್, ಬಟ್ಟಲು ತೆಗೆದುಕೊಳ್ಳುತ್ತ. "ಎಲ್ಲ ಕ್ಷೇಮ."